ಹೆದರಿಕೆ ಮೊದಲು, ಕಾರಣ ಆಮೇಲೆ

2018ರ ಬೇಸಿಗೆಯಲ್ಲಿ ಕರ್ನಾಟಕದ ಊರೂರುಗಳಲ್ಲಿ ಒಂದು ವಿಡಿಯೋ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿತ್ತು. ಬೀದಿಯಲ್ಲಿ ಮಕ್ಕಳು ಆಡುತ್ತಿದ್ದಾರೆ. ಬೈಕಿನಲ್ಲಿ ಬಂದ ಇಬ್ಬರು ಒಂದು ಮಗುವನ್ನು ಎತ್ತಿಕೊಂಡು ಹೊರಟೇಬಿಡುತ್ತಾರೆ. ನೋಡಿದವರ ಎದೆ ಝಲ್ಲೆನ್ನುವ ದೃಶ್ಯ ಅದು. ಆದರೆ ನಿಜದಲ್ಲಿ ಅದು ಪಾಕಿಸ್ತಾನದ ಕರಾಚಿಯಲ್ಲಿ ಮಾಡಿದ್ದ ಒಂದು ಜಾಹೀರಾತು. ಮಕ್ಕಳ ಬಗ್ಗೆ ಎಚ್ಚರವಾಗಿರಿ ಎಂದು ಜನರಿಗೆ ಹೇಳುವುದಕ್ಕೆ ಮಾಡಿದ್ದು. ಮೂಲ ವಿಡಿಯೋದಲ್ಲಿ ಆ ಇಬ್ಬರೂ ವಾಪಸ್ ಬಂದು ಮಗುವನ್ನು ಇಳಿಸುತ್ತಾರೆ. ಮಗುವನ್ನು ಕದಿಯುವುದಕ್ಕೆ ಕ್ಷಣ ಸಾಕು ಎಂದು ಬರೆದ ಫಲಕ ತೋರಿಸುತ್ತಾರೆ. ಆ ಕೊನೆಯ ತುಂಡನ್ನು ಯಾರೋ ಕತ್ತರಿಸಿದ್ದರು. ಉಳಿದದ್ದು 'ಮಕ್ಕಳ ಕಳ್ಳರು ಬಂದಿದ್ದಾರೆ, ಹುಷಾರು' ಎಂಬ ಧ್ವನಿ ಸಂದೇಶಗಳ ಜೊತೆ ಸೇರಿಕೊಂಡು ಹರಡಿತು. ಸಿರಿಯಾದಲ್ಲಿ 2013ರ ವಿಷಾನಿಲ ದಾಳಿಯಲ್ಲಿ ತೀರಿಕೊಂಡ ಮಕ್ಕಳ ಫೋಟೋಗಳು ಕೂಡ ನಮ್ಮ ದೇಶದ್ದೇ ಎಂಬಂತೆ ಇದರ ಹಿಂದೆಯೇ ಬಂದವು.

ಮೇ 23ರಂದು ಬೆಂಗಳೂರಿನ ಚಾಮರಾಜಪೇಟೆ ಕಡೆ, ಕೆಲಸ ಹುಡುಕಿಕೊಂಡು ರಾಜಸ್ಥಾನದಿಂದ ಬಂದಿದ್ದ 26 ವರ್ಷದ ಯುವಕನೊಬ್ಬನನ್ನು ಮಕ್ಕಳ ಕಳ್ಳನೆಂದು ಜನ ಹೊಡೆದು ಸಾಯಿಸಿದರು. ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರು ಹೀಗೆಯೇ ಪ್ರಾಣ ಕಳೆದುಕೊಂಡರು. ಅವರು ಸ್ನೇಹಿತರ ಜೊತೆ ಕಾರಿನಲ್ಲಿ ಬಂದಿದ್ದರು. ದಾರಿಯಲ್ಲಿ ಸಿಕ್ಕ ಶಾಲೆ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದರು. ಅಷ್ಟೇ ಆಗಿದ್ದು. ಅನುಮಾನಪಟ್ಟ ಜನ ಸುತ್ತುವರಿದಾಗ ಕಾರು ಹತ್ತಿ ಹೊರಟರು. ಅಷ್ಟರಲ್ಲಿ ಮುಂದಿನ ಊರಿನ ವಾಟ್ಸ್‌ಆ್ಯಪ್ ಗುಂಪಿಗೆ ಸುದ್ದಿ ಮುಟ್ಟಿತ್ತು. ಅಲ್ಲಿ ರಸ್ತೆಗೆ ಅಡ್ಡ ಹಾಕಿ ಕಾಯುತ್ತಿದ್ದರು. ಬಿಡಿಸಲು ಹೋದ ಪೊಲೀಸರಿಗೂ ಪೆಟ್ಟು ಬಿತ್ತು.

ಇಂಥದ್ದನ್ನು ಓದಿದಾಗ ನಮ್ಮ ಬಾಯಿಗೆ ಮೊದಲು ಬರುವ ಮಾತು, 'ಓದುಬರಹ ಇಲ್ಲದ ಜನ, ಏನು ಹೇಳಿದರೂ ನಂಬುತ್ತಾರೆ' ಅಂತ. ಈ ಮಾತು ತಪ್ಪು ಎಂದು ನಾನು ಗಟ್ಟಿಯಾಗಿ ಹೇಳಬೇಕಾಗಿದೆ. ತಪ್ಪು ಮಾತ್ರ ಅಲ್ಲ, ಅಪಾಯಕಾರಿ ಕೂಡ. ಯಾಕೆಂದರೆ ಹಾಗೆ ಅಂದುಕೊಂಡ ಕೂಡಲೇ ನಂಬುವವರು ಬೇರೆ ಯಾರೋ, ನಾವಲ್ಲ ಎಂದಾಗುತ್ತದೆ. ನಂಬಿಕೆ ಹೇಗೆ ಹುಟ್ಟುತ್ತದೆ ಎಂಬುದರ ಬಗ್ಗೆ ಮನೋವಿಜ್ಞಾನ ಕಳೆದ ಎಂಬತ್ತು ತೊಂಬತ್ತು ವರ್ಷಗಳಲ್ಲಿ ಕಂಡುಕೊಂಡಿರುವುದನ್ನು ನೋಡಿದರೆ, ಅಲ್ಲಿ ಸಿಗುವ ಚಿತ್ರ ಪೂರ್ತಿ ಬೇರೆ. ವಿಶೇಷ ಅಂದರೆ, ಆ ಕಥೆಯ ಮುಖ್ಯವಾದ ಎಳೆಯೊಂದು ಶುರುವಾಗುವುದು ಅಮೆರಿಕದಲ್ಲಲ್ಲ. ಬಿಹಾರದಲ್ಲಿ.

1934ರ ಜನವರಿ 15ರ ಮಧ್ಯಾಹ್ನ ಬಿಹಾರ ಮತ್ತು ನೇಪಾಳದಲ್ಲಿ ಭಾರೀ ಭೂಕಂಪ ಆಯಿತು. ಹತ್ತು ಸಾವಿರಕ್ಕೂ ಹೆಚ್ಚು ಜನ ಸತ್ತರು. ಆಮೇಲಿನ ದಿನಗಳಲ್ಲಿ ಜನರ ಬಾಯಲ್ಲಿ ಓಡಾಡಿದ ವದಂತಿಗಳನ್ನು ಜಮುನಾ ಪ್ರಸಾದ್ ಎಂಬ ಮನೋವಿಜ್ಞಾನಿ ಕೂಡಿಸಿಟ್ಟರು. 1935ರಲ್ಲಿ ಬ್ರಿಟಿಷ್ ಮನೋವಿಜ್ಞಾನ ಪತ್ರಿಕೆಯೊಂದರಲ್ಲಿ ಅದರ ಬಗ್ಗೆ ಬರೆದರು. ಗಂಗೆಯ ನೀರೇ ಮಾಯವಾಗಿತ್ತಂತೆ. ಪಟ್ನಾಕ್ಕೆ ದೊಡ್ಡ ಚಂಡಮಾರುತ ಬರುತ್ತದಂತೆ. ಚಂದ್ರಗ್ರಹಣದ ದಿನ ಮತ್ತೊಮ್ಮೆ ಭೂಮಿ ನಡುಗುತ್ತದಂತೆ. ಇಂಥ ದಿನ ಪ್ರಳಯವಂತೆ. ಹೀಗೆ ಒಂದಾದ ಮೇಲೊಂದು.

ಇದರಲ್ಲಿ ಗಮನಿಸಬೇಕಾದ್ದು ಈ ಮಾತುಗಳು ಓಡಾಡಿದ ಜಾಗ. ಅಲ್ಲಿನ ಜನರಿಗೆ ಭೂಮಿ ಜೋರಾಗಿ ನಡುಗಿದ ಅನುಭವ ಆಗಿತ್ತು. ಆದರೆ ಮನೆ ಬಿದ್ದಿರಲಿಲ್ಲ, ಕಣ್ಣೆದುರು ಹೆಣ ಬಿದ್ದಿರಲಿಲ್ಲ. ಅಂದರೆ, ತಾವು ಸುರಕ್ಷಿತವಾಗಿ ಉಳಿದುಕೊಂಡವರು ಇನ್ನೂ ದೊಡ್ಡ ಅನಾಹುತ ಬರುತ್ತದೆ ಎಂದು ಹೇಳುತ್ತಿದ್ದರು, ಕೇಳುತ್ತಿದ್ದರು, ನಂಬುತ್ತಿದ್ದರು. 1950ರಲ್ಲಿ ಡಾರ್ಜಿಲಿಂಗ್‌ನಲ್ಲಿ ಭೂಕುಸಿತ ಆದಾಗ ದುರ್ಗಾನಂದ ಸಿನ್ಹಾ ಎಂಬ ಇನ್ನೊಬ್ಬ ಭಾರತೀಯ ಮನೋವಿಜ್ಞಾನಿ ಅದೇ ರೀತಿ ಅಧ್ಯಯನ ಮಾಡಿದರು. ಅಲ್ಲಿ ಜನ ಕಣ್ಣಾರೆ ನಾಶ ಕಂಡಿದ್ದರು. ಅಲ್ಲಿ ಇಂಥ 'ಮುಂದೆ ಇನ್ನೂ ಕೆಟ್ಟದ್ದಿದೆ' ಎಂಬ ಮಾತುಗಳು ಹಬ್ಬಿರಲಿಲ್ಲ.

ಈ ಎರಡು ಅಧ್ಯಯನಗಳು ಅಮೆರಿಕದ ಮನೋವಿಜ್ಞಾನಿ ಲಿಯಾನ್ ಫೆಸ್ಟಿಂಗರ್ ಅವರ ತಲೆ ಕೆಡಿಸಿದವು. ಹೆದರಿದವರು ಸಮಾಧಾನದ ಮಾತು ಹುಡುಕಬೇಕಲ್ಲವಾ? ಇನ್ನೂ ಹೆದರಿಸುವ ಮಾತನ್ನು ಯಾಕೆ ಹುಡುಕಿಕೊಂಡು ಹೋಗುತ್ತಾರೆ? ಅವರಿಗೆ ಹೊಳೆದ ಉತ್ತರ ಇದು. ಬಿಹಾರದಲ್ಲಿ ಆ ವದಂತಿಗಳನ್ನು ನಂಬಿದ ಜನರ ಮೈಯಲ್ಲಿ ಹೆದರಿಕೆ ಆಗಲೇ ಇತ್ತು. ಆದರೆ ಸುತ್ತ ನೋಡಿದರೆ ಹೆದರುವುದಕ್ಕೆ ಏನೂ ಕಾಣುತ್ತಿರಲಿಲ್ಲ. ಮನಸ್ಸಿಗೆ ಈ ತಾಳಮೇಳ ಇಲ್ಲದ ಸ್ಥಿತಿ ಸಹಿಸಲು ಆಗುವುದಿಲ್ಲ. ಹಾಗಾಗಿ ಹೆದರಿಕೆಗೆ ತಕ್ಕ ಕಾರಣವನ್ನು ಅದು ಎಲ್ಲಿಂದಲಾದರೂ ತಂದುಕೊಳ್ಳುತ್ತದೆ. ಆ ವದಂತಿಗಳು ಹೆದರಿಕೆ ಹುಟ್ಟಿಸಿದ್ದಲ್ಲ, ಇದ್ದ ಹೆದರಿಕೆಯನ್ನು ಸರಿ ಎಂದು ಸಮರ್ಥಿಸಿದ್ದು. ಕಣ್ಣೆದುರೇ ನಾಶ ಕಂಡ ಡಾರ್ಜಿಲಿಂಗ್‌ನವರಿಗೆ ಆ ಸಮರ್ಥನೆ ಬೇಕಿರಲಿಲ್ಲ. 1957ರಲ್ಲಿ ಫೆಸ್ಟಿಂಗರ್ ಈ ಯೋಚನೆಯನ್ನು ಬೆಳೆಸಿ ಒಂದು ಸಿದ್ಧಾಂತ ಕಟ್ಟಿದರು. ಮನಸ್ಸಿನೊಳಗಿನ ಹೊಂದಾಣಿಕೆ ಇಲ್ಲದ ಸ್ಥಿತಿಯ ಬಗ್ಗೆ ಇರುವ ಆ ಸಿದ್ಧಾಂತ ಇವತ್ತಿಗೂ ಮನೋವಿಜ್ಞಾನದ ಪ್ರತಿ ತರಗತಿಯಲ್ಲಿ ಪಾಠ. ಅದರ ಬೀಜ ಬಿಹಾರದ ಭೂಕಂಪದಲ್ಲಿದೆ ಎಂದು ನಮ್ಮಲ್ಲಿ ಎಷ್ಟು ಜನ ಹೇಳಿಕೊಡುತ್ತಾರೆ?

ಎರಡು ಊರುಗಳ ಹೋಲಿಕೆಯಿಂದ ಒಂದು ಸಿದ್ಧಾಂತ ಸಾಬೀತಾಗುವುದಿಲ್ಲ, ಅದು ನಿಜ. ಏನಾಗುತ್ತದೋ ಗೊತ್ತಿಲ್ಲದಾಗ ಜನ ಸುದ್ದಿಗಾಗಿ ಹಾತೊರೆಯುವುದೂ ವದಂತಿಗೆ ದಾರಿ ಮಾಡುತ್ತದೆ. ಆದರೂ ಫೆಸ್ಟಿಂಗರ್ ತಿರುಗಿಸಿ ಇಟ್ಟ ಕ್ರಮ ನನಗೆ ತುಂಬಾ ಮುಖ್ಯ ಅನಿಸುತ್ತದೆ. ನಾವು ಸಾಮಾನ್ಯವಾಗಿ ಅಂದುಕೊಳ್ಳುವುದು ಹೀಗೆ: ಒಂದು ಸುದ್ದಿ ಕೇಳುತ್ತೇವೆ, ಅದನ್ನು ನಂಬುತ್ತೇವೆ, ಆಮೇಲೆ ಹೆದರುತ್ತೇವೆ. ಎಷ್ಟೋ ಸಲ ಆಗುವುದು ಇದರ ಉಲ್ಟಾ. ಹೆದರಿಕೆಯೋ ಸಿಟ್ಟೋ ಅವಮಾನವೋ ಮೊದಲೇ ಒಳಗೆ ಕೂತಿರುತ್ತದೆ. ಸುದ್ದಿ ಬಂದು ಅದಕ್ಕೆ ಒಂದು ಹೆಸರು, ಒಂದು ಮುಖ ಕೊಡುತ್ತದೆ.

ಅದೇ 1934ರ ಭೂಕಂಪದ ಬಗ್ಗೆ ಗಾಂಧೀಜಿ, ಇದು ಅಸ್ಪೃಶ್ಯತೆಯ ಪಾಪಕ್ಕೆ ಸಿಕ್ಕ ಶಿಕ್ಷೆ ಎಂದರು. ರವೀಂದ್ರನಾಥ ಟ್ಯಾಗೋರ್ ಅದನ್ನು ಬಹಿರಂಗವಾಗಿ ವಿರೋಧಿಸಿದರು. ಪ್ರಕೃತಿಯ ಘಟನೆಗೆ ನೀತಿಯ ಕಾರಣ ಕೊಡುವುದು ಜನರ ವಿವೇಚನೆಗೆ ಕೆಟ್ಟದ್ದು ಎಂಬುದು ಟ್ಯಾಗೋರರ ವಾದ. ನಾನು ಈ ವಿಷಯದಲ್ಲಿ ಟ್ಯಾಗೋರರ ಕಡೆ. ಆದರೆ ದೊಡ್ಡ ನೋವಿಗೆ ದೊಡ್ಡ ಕಾರಣವೇ ಇರಬೇಕು ಎಂಬ ಹಸಿವು ಎಂಥವರನ್ನೂ ಬಿಡುವುದಿಲ್ಲ ಎಂಬುದು ಇದರಿಂದ ಕಾಣುತ್ತದೆ.

ಬೆಂಗಳೂರಿಗೂ ಇಂಥದ್ದೊಂದು ನೆನಪಿದೆ. 2012ರ ಆಗಸ್ಟ್‌ನಲ್ಲಿ ಈಶಾನ್ಯ ರಾಜ್ಯಗಳ ಸಾವಿರಾರು ಮಂದಿ ಕೆಲವೇ ದಿನಗಳಲ್ಲಿ ನಗರ ಬಿಟ್ಟು ಹೋದರು. ಗುವಾಹಟಿಗೆ ವಿಶೇಷ ರೈಲುಗಳನ್ನೇ ಬಿಡಬೇಕಾಯಿತು. ಅಸ್ಸಾಮಿನ ಕೋಕ್ರಝಾರ್ ಕಡೆ ಗಲಭೆ ಆಗಿತ್ತು. ರಂಜಾನ್ ಮುಗಿದ ಮೇಲೆ ಇಲ್ಲಿ ನಿಮ್ಮ ಮೇಲೆ ದಾಳಿ ಆಗುತ್ತದೆ ಎಂಬ ಎಸ್‌ಎಂಎಸ್‌ಗಳು ಓಡಾಡಿದವು. ಹೊರಟುಹೋದವರಲ್ಲಿ ಐಟಿ ಕಂಪನಿಯವರಿದ್ದರು, ಕಾಲೇಜು ವಿದ್ಯಾರ್ಥಿಗಳಿದ್ದರು, ಹೋಟೆಲ್ ಮತ್ತು ಸೆಕ್ಯುರಿಟಿ ಕೆಲಸದವರಿದ್ದರು. ಇವರು ಸುಮ್ನೆ ಮೋಸ ಹೋದರು ಎನ್ನುವುದು ಸುಲಭ. ಆದರೆ ಬೀದಿಯಲ್ಲಿ, ಬಸ್ಸಿನಲ್ಲಿ ಮುಖ ನೋಡಿ ಹೀಗಳೆಯುವ ಮಾತು ಕೇಳುತ್ತಲೇ ಬದುಕುತ್ತಿದ್ದವರಿಗೆ ಆ ಎಸ್‌ಎಂಎಸ್ ಪೂರ್ತಿ ಹೊಸ ಸುದ್ದಿ ಆಗಿರಲಿಲ್ಲ. ಒಳಗಿದ್ದ ಆತಂಕಕ್ಕೆ ಅದು ಒಂದು ದಿನಾಂಕ ಕೊಟ್ಟಿತು.

ಮಕ್ಕಳ ಕಳ್ಳರ ವಿಷಯವೂ ಹಾಗೆಯೇ. ದೇಶದಲ್ಲಿ ಪ್ರತಿ ವರ್ಷ ಹತ್ತಾರು ಸಾವಿರ ಮಕ್ಕಳು ಕಾಣೆಯಾದ ದೂರು ದಾಖಲಾಗುತ್ತದೆ. ಬೆಳಗ್ಗೆ ಕೂಲಿಗೆ ಹೋಗಿ ಸಂಜೆ ಬರುವ ಅಪ್ಪ ಅಮ್ಮನಿಗೆ ಮಗು ಆ ಹೊತ್ತಿನಲ್ಲಿ ಎಲ್ಲಿದೆ ಎಂಬ ಚಿಂತೆ ದಿನವೂ ಇರುತ್ತದೆ. ಅದು ಕಲ್ಪನೆಯ ಭಯ ಅಲ್ಲ. ಸುಳ್ಳಾಗಿದ್ದು, ಆ ಭಯಕ್ಕೆ ಸಿಕ್ಕ ಮುಖ. ಭಾಷೆ ಗೊತ್ತಿಲ್ಲದವರು, ಬೇರೆ ಬಟ್ಟೆ ತೊಟ್ಟವರು, ಭಿಕ್ಷೆ ಬೇಡುವವರು, ಅಲೆಮಾರಿಗಳು, ಕೆಲಸಕ್ಕೆ ಬಂದ ಹೊರರಾಜ್ಯದವರು. ಯಾರ ಮೇಲೆ ಮೊದಲೇ ಅನುಮಾನ ಇತ್ತೋ ಅವರ ಮೇಲೆಯೇ ಹೋಗಿ ಬಿದ್ದಿತು. ಊರಿನ ಗೌಡರ ಮಗ ಚಾಕೊಲೇಟ್ ಹಂಚಿದ್ದರೆ ಯಾರೂ ತಿರುಗಿಯೂ ನೋಡುತ್ತಿರಲಿಲ್ಲ.

ಇಲ್ಲಿಯವರೆಗೆ ಹೇಳಿದ್ದು ನಂಬಿಕೆಗೆ ಹದವಾದ ನೆಲದ ಬಗ್ಗೆ. ಇನ್ನು ಬೇರು ಬಿಡುವುದು ಹೇಗೆ?

ಅಮೆರಿಕದ ಮನೋವಿಜ್ಞಾನಿ ಡೇನಿಯಲ್ ಗಿಲ್ಬರ್ಟ್ 1990ರ ದಶಕದಲ್ಲಿ ಹಳೆಯ ತತ್ವಶಾಸ್ತ್ರದ ಜಗಳವೊಂದನ್ನು ಪ್ರಯೋಗಕ್ಕೆ ತಂದರು. ಮಾತನ್ನು ಮೊದಲು ಅರ್ಥ ಮಾಡಿಕೊಳ್ಳುತ್ತೇವೆ, ಆಮೇಲೆ ನಂಬಬೇಕೋ ಬಿಡಬೇಕೋ ಎಂದು ತೀರ್ಮಾನಿಸುತ್ತೇವೆ ಎನ್ನುವುದು ದೆಕಾರ್ತ್ ಅವರ ಮತ. ಅರ್ಥ ಮಾಡಿಕೊಳ್ಳುವುದೇ ನಂಬುವುದು, ಬೇಡ ಎನ್ನುವುದು ಆಮೇಲೆ ಮಾಡುವ ಹೆಚ್ಚಿನ ಕೆಲಸ ಎನ್ನುವುದು ಸ್ಪಿನೋಜಾ ಅವರ ಮತ. ಗಿಲ್ಬರ್ಟ್ ತಂಡ ಕೆಲವರಿಗೆ ದರೋಡೆಯ ವರದಿ ಓದಲು ಕೊಟ್ಟಿತು. ಕೆಂಪು ಅಕ್ಷರದಲ್ಲಿರುವ ವಾಕ್ಯಗಳು ಸುಳ್ಳು ಎಂದು ಮೊದಲೇ ಹೇಳಿತ್ತು. ಕೆಲವರಿಗೆ ಕೊಟ್ಟ ಸುಳ್ಳುಗಳು ಅಪರಾಧವನ್ನು ಘೋರವಾಗಿ ಕಾಣಿಸುವಂಥವು. ಇನ್ನು ಕೆಲವರಿಗೆ ಕೊಟ್ಟದ್ದು ಹಗುರವಾಗಿ ಕಾಣಿಸುವಂಥವು. ಓದುವಾಗಲೇ ಅಂಕಿ ಹುಡುಕುವ ಕೆಲಸ ಕೊಟ್ಟು ಗಮನ ಬೇರೆ ಕಡೆ ಸೆಳೆದಾಗ, ಘೋರ ಸುಳ್ಳುಗಳನ್ನು ಓದಿದವರು ಇನ್ನೊಂದು ಗುಂಪಿಗಿಂತ ಹತ್ತಿರಹತ್ತಿರ ದುಪ್ಪಟ್ಟು ಜೈಲು ಶಿಕ್ಷೆ ಕೊಡಬೇಕೆಂದರು. ಸುಳ್ಳು ಎಂದು ಗೊತ್ತಿದ್ದೂ ಹೀಗಾಯಿತು. ಸ್ಪಿನೋಜಾ ಹೇಳಿದ್ದೇ ಪೂರ್ತಿ ಸರಿ ಎಂದು ಎಲ್ಲರೂ ಒಪ್ಪುವುದಿಲ್ಲ. ಆದರೆ ಅನುಮಾನ ಪಡುವುದಕ್ಕೆ ಬಿಡುವು ಬೇಕು ಎಂಬುದು ಮಾತ್ರ ಸ್ಪಷ್ಟ. ಬಸ್ಸಿನಲ್ಲಿ ನಿಂತುಕೊಂಡು, ಅಡುಗೆ ಮಾಡುತ್ತಾ, ನಿದ್ದೆಗಣ್ಣಿನಲ್ಲಿ ಮೊಬೈಲ್ ನೋಡುವಾಗ ಆ ಬಿಡುವು ಎಲ್ಲಿರುತ್ತದೆ?

ಬೇರು ಬಿಟ್ಟಿದ್ದು ಗಟ್ಟಿಯಾಗುವುದು ಮತ್ತೆ ಮತ್ತೆ ಕೇಳುವುದರಿಂದ. 1977ರಲ್ಲಿ ಲಿನ್ ಹ್ಯಾಷರ್ ಮತ್ತು ಸಂಗಡಿಗರು ಅಮೆರಿಕದ ಕಾಲೇಜು ವಿದ್ಯಾರ್ಥಿಗಳಿಗೆ ಎರಡೆರಡು ವಾರಕ್ಕೊಮ್ಮೆ ಮೂರು ಸಲ ತಲಾ 60 ವಾಕ್ಯ ಓದಿಸಿ, ಎಷ್ಟು ನಿಜ ಅನಿಸುತ್ತದೆ ಎಂದು ಅಂಕ ಹಾಕಿಸಿದರು. ಅವುಗಳಲ್ಲಿ 20 ವಾಕ್ಯಗಳು ಪ್ರತಿ ಸಲವೂ ಬರುತ್ತಿದ್ದವು. ಆ 20 ವಾಕ್ಯಗಳು ಸರದಿಯಿಂದ ಸರದಿಗೆ ಹೆಚ್ಚು ನಿಜ ಅನಿಸತೊಡಗಿದವು. ನಿಜ ವಾಕ್ಯವಾದರೂ ಅಷ್ಟೇ, ಸುಳ್ಳಾದರೂ ಅಷ್ಟೇ. ಮತ್ತೆ ಕೇಳಿದ ಮಾತು ತಲೆಗೆ ಸಲೀಸಾಗಿ ಇಳಿಯುತ್ತದೆ. ಆ ಸಲೀಸನ್ನೇ ಮನಸ್ಸು ಸತ್ಯದ ಗುರುತು ಎಂದುಕೊಳ್ಳುತ್ತದೆ.

'ಗೊತ್ತಿಲ್ಲದ ವಿಷಯದಲ್ಲಿ ಹಾಗಾಗಬಹುದು, ಗೊತ್ತಿರುವುದರಲ್ಲಿ ಆಗಲ್ಲ' ಎಂದು ನೀವು ಹೇಳಬಹುದು. 2015ರಲ್ಲಿ ಲೀಸಾ ಫೇಜಿಯೋ ಮತ್ತು ಸಂಗಡಿಗರು ಪರೀಕ್ಷಿಸಿದ್ದು ಅದನ್ನೇ. ಅವರು ಬಳಸಿದ ಒಂದು ಸುಳ್ಳು ವಾಕ್ಯ ನಮಗೆ ಮಜಾ ಅನಿಸುವಂಥದ್ದು: ಸ್ಕಾಟ್ಲೆಂಡಿನ ಗಂಡಸರು ತೊಡುವ ನೆರಿಗೆ ಲಂಗಕ್ಕೆ 'ಸೀರೆ' ಎಂದು ಹೆಸರು. ಅದು ಕಿಲ್ಟ್ ಎಂದು ಗೊತ್ತಿದ್ದವರಿಗೂ ಇಂಥ ಸುಳ್ಳುಗಳು ಎರಡನೇ ಸಲ ಓದಿದಾಗ ಮೊದಲಿಗಿಂತ ಸ್ವಲ್ಪ ಹೆಚ್ಚು ನಿಜ ಅನಿಸಿದವು. ತಿಳಿವಳಿಕೆ ಇದ್ದರೆ ಸಾಲದು, ಆ ಕ್ಷಣದಲ್ಲಿ ಅದನ್ನು ಎಳೆದು ಬಳಸಬೇಕು. ಓದಿದವರು, ಓದದವರು ಎಂಬ ಗೆರೆ ಇಲ್ಲಿ ಅಳಿಸಿಹೋಗುತ್ತದೆ. 2018ರಲ್ಲಿ ಒಂದೇ ವಿಡಿಯೋ ಮನೆಯವರ ಗುಂಪಿನಲ್ಲಿ, ಶಾಲೆಯ ಗುಂಪಿನಲ್ಲಿ, ಜಾತಿ ಸಂಘದ ಗುಂಪಿನಲ್ಲಿ ಬಂದರೆ ನೋಡಿದವರಿಗೆ ಅದು ಒಂದೇ ಮೂಲದ ಮೂರು ಪ್ರತಿ ಎಂದು ಅನಿಸಲಿಲ್ಲ. ಮೂವರು ಸಾಕ್ಷಿ ಹೇಳಿದ ಹಾಗೆ ಅನಿಸಿತು.

'ಕಣ್ಣಾರೆ ಕಂಡೆ' ಎನ್ನುವುದೂ ಪೂರ್ತಿ ಕಾಪಾಡುವುದಿಲ್ಲ. 1995ರ ಸೆಪ್ಟೆಂಬರ್ 21 ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಗಣಪ ಹಾಲು ಕುಡಿಯುತ್ತಿದ್ದಾನೆ ಎಂಬ ಸುದ್ದಿ ದೆಹಲಿಯಿಂದ ಹೊರಟು ಒಂದೇ ದಿನದಲ್ಲಿ ದೇಶ ದಾಟಿತು. ಆಗ ವಾಟ್ಸ್‌ಆ್ಯಪ್ ಇರಲಿಲ್ಲ, ಫೋನೇ ಸಾಕಾಯಿತು. ಸಾಲಲ್ಲಿ ನಿಂತವರು ಸುಳ್ಳು ಹೇಳುತ್ತಿರಲಿಲ್ಲ. ಚಮಚದ ಹಾಲು ನಿಜಕ್ಕೂ ಕಡಿಮೆಯಾಗುತ್ತಿತ್ತು. ಸರ್ಕಾರದ ವಿಜ್ಞಾನ ಸಂವಹನ ಮಂಡಳಿಯ ವಿಜ್ಞಾನಿಗಳು ಹಾಲಿಗೆ ಬಣ್ಣ ಬೆರೆಸಿ ತೋರಿಸಿದರು. ಹಾಲು ಮೇಲ್ಮೈ ಸೆಳೆತದಿಂದ ಚಮಚದ ಅಂಚು ದಾಟಿ, ವಿಗ್ರಹದ ಮೇಲೆ ತೆಳ್ಳಗೆ ಹರಡಿ ಕೆಳಗೆ ಇಳಿಯುತ್ತಿತ್ತು. ಇಲ್ಲಿ ಕಣ್ಣು ಮೋಸ ಮಾಡಲಿಲ್ಲ, ತಪ್ಪಿದ್ದು ಪರೀಕ್ಷೆ. ಎಲ್ಲರೂ ಗಣಪನಿಗೇ ಹಾಲು ಹಿಡಿದರು. ಬೇರೆ ಕಲ್ಲಿಗೆ, ಬೇರೆ ಲೋಹಕ್ಕೆ ಹಿಡಿದು ನೋಡಿದವರು ಕಡಿಮೆ.

ಪೀಟರ್ ವಾಸನ್ 1960ರಲ್ಲಿ ಲಂಡನ್ನಿನಲ್ಲಿ ಮಾಡಿದ ಪ್ರಯೋಗ ಇದನ್ನೇ ಹೇಳುತ್ತದೆ. 2, 4, 6 ಎಂಬ ಅಂಕಿಗಳು ಒಂದು ನಿಯಮಕ್ಕೆ ಸರಿಹೊಂದುತ್ತವೆ, ನಿಯಮ ಕಂಡುಹಿಡಿಯಿರಿ, ನೀವೇ ಮೂರು ಮೂರು ಅಂಕಿ ಕೊಟ್ಟು ಪರೀಕ್ಷಿಸಬಹುದು ಎಂದರು. ಹೆಚ್ಚಿನವರು ಎರಡೆರಡು ಏರುತ್ತಿದೆ ಎಂದುಕೊಂಡು 8, 10, 12 ಎಂದರು. 20, 22, 24 ಎಂದರು. ಪ್ರತಿ ಸಲ 'ಸರಿ' ಎಂಬ ಉತ್ತರ ಬಂತು. ನಿಜವಾದ ನಿಯಮ ಇಷ್ಟೇ: ಅಂಕಿಗಳು ಏರುತ್ತಾ ಹೋಗಬೇಕು. 1, 7, 50 ಎಂದರೂ ಸರಿ. ತಮ್ಮ ಊಹೆ ಮುರಿಯುವಂಥ ಅಂಕಿಯನ್ನು ಕೊಟ್ಟು ನೋಡಬೇಕು ಎಂದು ಬಹಳ ಜನರಿಗೆ ಹೊಳೆಯಲಿಲ್ಲ. ನಾವು ನಮ್ಮ ನಂಬಿಕೆಗೆ ಪ್ರಶ್ನೆ ಕೇಳುವಾಗ 'ಹೌದು' ಎಂಬ ಉತ್ತರ ಬರುವ ಪ್ರಶ್ನೆಯನ್ನೇ ಕೇಳುತ್ತೇವೆ. ಜಾತಕ ನೋಡಿಸಿದವರನ್ನು ಕೇಳಿ ನೋಡಿ. ಹೇಳಿದಂತೆ ಆದದ್ದನ್ನು ಎಣಿಸಿ ಹೇಳುತ್ತಾರೆ. ಆಗದೇ ಹೋದದ್ದರ ಲೆಕ್ಕ ಯಾರೂ ಇಟ್ಟಿರುವುದಿಲ್ಲ.

ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯ 1976ರಲ್ಲಿ ಪವಾಡಗಳ ತನಿಖೆಗೆ ಸಮಿತಿ ಮಾಡಿದ್ದು ಈ ಕೊರತೆ ತುಂಬುವುದಕ್ಕೆ. ಪವಾಡ ಮಾಡುತ್ತೇವೆ ಎನ್ನುವವರು ನಮ್ಮೆದುರು, ನಾವು ಹೇಳಿದ ಷರತ್ತಿನಲ್ಲಿ ಮಾಡಿ ತೋರಿಸಲಿ ಎಂಬುದು ಅವರ ಪಟ್ಟು. ಆ ಷರತ್ತು ಎಂಬ ಮಾತಿನಲ್ಲೇ ವಿಜ್ಞಾನದ ಅರ್ಧ ಇದೆ. ಆ ಸಮಿತಿಗೆ ಬಂದ ವಿರೋಧ ಎಂಥದ್ದೆಂದರೆ, ವಾದ ಪುರಾವೆಯ ಬಗ್ಗೆ ಇರಲೇ ಇಲ್ಲ. ನಮ್ಮ ನಂಬಿಕೆಗೆ ಅವಮಾನ ಮಾಡುತ್ತಿದ್ದೀರಿ ಎನ್ನುವುದೇ ವಾದವಾಗಿತ್ತು.

ನಂಬಿಕೆಯ ಬಗ್ಗೆ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವ ಸಂಗತಿಗೆ ಇಲ್ಲಿ ಬರುತ್ತೇನೆ. ನಂಬಿಕೆ ಒಬ್ಬರ ತಲೆಯೊಳಗೆ ಮಾತ್ರ ಇರುವುದಿಲ್ಲ. ಅದು ಜೊತೆಗಾರರ ನಡುವೆ ಇರುತ್ತದೆ. ಸಾಲೊಮನ್ ಆ್ಯಶ್ 1950ರ ಆಸುಪಾಸಿನಲ್ಲಿ ಮಾಡಿದ ಗೆರೆಗಳ ಪ್ರಯೋಗ ಗೊತ್ತಿರಬಹುದು. ಮೂರು ಗೆರೆಗಳಲ್ಲಿ ಯಾವುದು ಮಾದರಿ ಗೆರೆಯಷ್ಟೇ ಉದ್ದ ಎಂದು ಹೇಳಬೇಕು. ಮಗುವೂ ಹೇಳಬಹುದಾದ ಉತ್ತರ. ಆದರೆ ಕೋಣೆಯಲ್ಲಿದ್ದ ಉಳಿದವರೆಲ್ಲ ಮೊದಲೇ ಮಾತಾಡಿಕೊಂಡು ತಪ್ಪು ಉತ್ತರ ಹೇಳುತ್ತಿದ್ದರು. ಹೀಗಾದಾಗ ಸುಮಾರು ಮೂರರಲ್ಲೊಂದು ಉತ್ತರ ಗುಂಪಿನ ತಪ್ಪಿನ ಕಡೆಗೇ ಬಂತು. ನಾಲ್ವರಲ್ಲಿ ಮೂವರು ಒಮ್ಮೆಯಾದರೂ ಬಾಗಿದರು. ಈ ಪ್ರಯೋಗ ಹೇಳುವವರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ ಆ್ಯಶ್ ಇನ್ನೊಂದು ಮಾಡಿದರು. ಗುಂಪಿನಲ್ಲಿ ಒಬ್ಬನೇ ಒಬ್ಬ ಸರಿ ಉತ್ತರ ಹೇಳುವಂತೆ ಮಾಡಿದರು. ಬಾಗುವುದು ಒಮ್ಮೆಲೇ ಬಹಳ ಕಡಿಮೆಯಾಯಿತು. ಸತ್ಯ ಹೇಳುವುದಕ್ಕೆ ಬಹುಮತ ಬೇಕಿರಲಿಲ್ಲ, ಒಬ್ಬ ಜೊತೆಗಾರ ಸಾಕಿತ್ತು.

ಮುರ್ಕಿಯ ಗುಂಪಿನಲ್ಲೂ 'ತಡೀರಿ, ಕೇಳೋಣ' ಎಂದುಕೊಂಡವರು ಇದ್ದಿರಲೇಬೇಕು ಎಂದು ನಾನು ನಂಬುತ್ತೇನೆ. ಆದರೆ ಮೊದಲು ಬಾಯಿ ಬಿಡುವುದಕ್ಕೆ ಊರಿನಲ್ಲಿ ಬೆಲೆ ತೆರಬೇಕಾಗುತ್ತದೆ. 'ನಿನ್ನ ಮಗು ಆಗಿದ್ದರೆ?' ಎಂದು ಕೇಳುತ್ತಾರೆ. ಮನೆಯವರ ವಾಟ್ಸ್‌ಆ್ಯಪ್ ಗುಂಪಿನಲ್ಲೂ ಹೀಗೆಯೇ ಅಲ್ವಾ? ಚಿಕ್ಕಪ್ಪ ಕಳಿಸಿದ ಮೆಸೇಜು ಸುಳ್ಳು ಎಂದು ಎಲ್ಲರೆದುರು ಹೇಳಿದರೆ ಅದು ಸತ್ಯದ ವಿಷಯ ಆಗಿ ಉಳಿಯುವುದಿಲ್ಲ, ಮರ್ಯಾದೆಯ ವಿಷಯ ಆಗುತ್ತದೆ. ಹಾಗಾಗಿ ಗೊತ್ತಿದ್ದವರೂ ಸುಮ್ಮನಿರುತ್ತಾರೆ. ಆ ಮೌನವನ್ನೇ ಉಳಿದವರು ಒಪ್ಪಿಗೆ ಎಂದು ಓದುತ್ತಾರೆ.

ಇದಕ್ಕೆ ಏನು ಮಾಡಬಹುದು? ತಂತ್ರಜ್ಞಾನದ ಕಡೆಯಿಂದ ಕೆಲವು ಪ್ರಯತ್ನ ಆಗಿವೆ. ಮುರ್ಕಿಯ ಘಟನೆ ಆದ ಕೆಲವೇ ದಿನಕ್ಕೆ, 2018ರ ಜುಲೈನಲ್ಲಿ, ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ಫಾರ್ವರ್ಡ್ ಮಾಡುವ ಮಿತಿಯನ್ನು ವಾಟ್ಸ್‌ಆ್ಯಪ್ ಘೋಷಿಸಿತು. 2020ರ ಏಪ್ರಿಲ್‌ನಲ್ಲಿ, ಹಲವು ಸಲ ಫಾರ್ವರ್ಡ್ ಆದ ಸಂದೇಶವನ್ನು ಒಮ್ಮೆಗೆ ಒಂದು ಕಡೆಗೆ ಮಾತ್ರ ಎಂದಿತು. ಅಂಥ ಸಂದೇಶಗಳ ಓಡಾಟ ಶೇ 70ರಷ್ಟು ಇಳಿಯಿತು ಎಂದು ಕಂಪನಿಯೇ ಹೇಳಿದೆ. ಇದು ಒಳ್ಳೆಯದೇ. ವೇಗ ಕಡಿಮೆಯಾದರೆ ಅನುಮಾನಕ್ಕೆ ಬಿಡುವು ಸಿಗುತ್ತದೆ. 2018ರಲ್ಲೇ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರು ಟ್ವಿಟರ್‌ನಲ್ಲಿ 2006ರಿಂದ 2017ರವರೆಗೆ ಓಡಾಡಿದ ಸುದ್ದಿಗಳನ್ನು ನೋಡಿ, ಸುಳ್ಳು ಸುದ್ದಿಯನ್ನು ಜನ ಮರುಹಂಚುವ ಸಾಧ್ಯತೆ ನಿಜ ಸುದ್ದಿಗಿಂತ ಶೇ 70ರಷ್ಟು ಜಾಸ್ತಿ ಎಂದು ಕಂಡುಕೊಂಡಿದ್ದರು. ಯಂತ್ರಗಳ ಖಾತೆಗಳನ್ನು ಬಿಟ್ಟು ಲೆಕ್ಕ ಹಾಕಿದರೂ ಈ ಅಂತರ ಉಳಿಯಿತು. ಹರಡಿದ್ದು ನಮ್ಮಂಥ ಮನುಷ್ಯರೇ.

ಆದರೆ ನಾನು ಹೆಚ್ಚು ಬೆಲೆ ಕೊಡುವುದು ಇನ್ನೊಂದು ಕೆಲಸಕ್ಕೆ. ನಮ್ಮ ರಾಯಚೂರಿನ ಪಕ್ಕದಲ್ಲೇ ತೆಲಂಗಾಣದ ಗದ್ವಾಲ ಇದೆ. 2018ರಲ್ಲಿ ಅಲ್ಲಿ ರೆಮಾ ರಾಜೇಶ್ವರಿ ಎಸ್‌ಪಿ ಆಗಿದ್ದರು. ಹಳ್ಳಿಗೊಬ್ಬರಂತೆ ಪೊಲೀಸರನ್ನು ನೇಮಿಸಿ, ಜನರ ಜೊತೆ ಒಡನಾಟ ಇಟ್ಟುಕೊಳ್ಳಿ ಎಂದು ಹೇಳಿದ್ದರು. ಬೇಸಿಗೆಯಲ್ಲಿ ಮನೆ ಹೊರಗೆ ಮಲಗುತ್ತಿದ್ದ ಜನ ಈಗ ಸಂಜೆಗೇ ಬಾಗಿಲು ಹಾಕಿಕೊಳ್ಳುತ್ತಿದ್ದಾರೆ ಎಂದು ಆ ಪೊಲೀಸರು ಬಂದು ಹೇಳಿದರು. ಅಂದರೆ ಅವರು ಮೊದಲು ಗಮನಿಸಿದ್ದು ಸುಳ್ಳು ಸುದ್ದಿಯನ್ನಲ್ಲ, ಹೆದರಿಕೆಯನ್ನು. ಆಮೇಲೆ ಆ ವಿಡಿಯೋಗಳು ಸಿಕ್ಕವು. ಪೊಲೀಸರು ಮನೆಮನೆಗೆ ಹೋದರು. ಡೋಲು ಬಡಿದು, ಜಾನಪದ ಹಾಡು ಕಟ್ಟಿ ಹಾಡಿದರು. ಸುತ್ತಲ ಜಿಲ್ಲೆಗಳಲ್ಲಿ, ರಾಜ್ಯಗಳಲ್ಲಿ ಹೆಣ ಬೀಳುತ್ತಿದ್ದಾಗ ಅವರ ವ್ಯಾಪ್ತಿಯ ಸುಮಾರು 400 ಹಳ್ಳಿಗಳಲ್ಲಿ ಈ ವದಂತಿಗೆ ಒಂದು ಪ್ರಾಣವೂ ಹೋಗಲಿಲ್ಲ. ಇದು ಪ್ರಯೋಗಾಲಯದ ಪುರಾವೆ ಅಲ್ಲ. ಆದರೆ ಪ್ರಸಾದ್, ಫೆಸ್ಟಿಂಗರ್, ಆ್ಯಶ್ ಹೇಳಿದ್ದೆಲ್ಲ ಇಲ್ಲಿ ಕೆಲಸಕ್ಕೆ ಬಂದಿರುವುದು ಕಾಣುತ್ತದೆ. ಹೆದರಿಕೆಯನ್ನು ಯಾರೋ ಬಂದು ಕೇಳಿಸಿಕೊಂಡರು. ಸುಳ್ಳು ಎನ್ನುವುದಕ್ಕೆ ಗುರುತಿರುವ ಒಬ್ಬ ಮನುಷ್ಯ ಸಿಕ್ಕ. ನಿಜವನ್ನೂ ಮತ್ತೆ ಮತ್ತೆ ಕೇಳಿಸಲಾಯಿತು, ಅದೂ ಹಾಡಿನಲ್ಲಿ.

ಇದಕ್ಕೆ ಎದುರಾಗಿ, ಒಂದು ಸಲ ಹೋಗಿ ಪಾಠ ಹೇಳಿ ಬಂದರೆ ಏನಾಗುತ್ತದೆ? ಅದಕ್ಕೂ ಬಿಹಾರದಿಂದಲೇ ಉತ್ತರ ಇದೆ. 2019ರ ಲೋಕಸಭಾ ಚುನಾವಣೆ ಹೊತ್ತಿಗೆ ಸುಮಿತ್ರಾ ಬದರಿನಾಥನ್ ಎಂಬ ಸಂಶೋಧಕಿ ಅಲ್ಲಿ 1,224 ಜನರನ್ನು ಆರಿಸಿಕೊಂಡು, ಅವರಲ್ಲಿ ಒಂದು ಭಾಗದವರಿಗೆ ಮನೆಗೇ ಹೋಗಿ ಸುಮಾರು ಒಂದು ಗಂಟೆ ತರಬೇತಿ ಕೊಡಿಸಿದರು. ಫೋಟೋ ನಿಜವೋ ಸುಳ್ಳೋ ಎಂದು ನೋಡುವುದು ಹೇಗೆ, ಸುದ್ದಿಯ ಮೂಲ ಹುಡುಕುವುದು ಹೇಗೆ, ಎಲ್ಲ ಹೇಳಿಕೊಟ್ಟರು. ಒಟ್ಟಾರೆ ನೋಡಿದರೆ ಸುಳ್ಳು ಗುರುತಿಸುವ ಶಕ್ತಿ ಹೆಚ್ಚಲಿಲ್ಲ. ಆಳುವ ಪಕ್ಷದ ಬೆಂಬಲಿಗರಲ್ಲಿ, ತಮ್ಮ ಪಕ್ಷಕ್ಕೆ ಅನುಕೂಲವಾದ ಸುಳ್ಳುಗಳನ್ನು ಗುರುತಿಸುವುದು ಇನ್ನೂ ಕಷ್ಟವಾಯಿತು. ಸತ್ಯ ಹೇಳಿದರೆ ಜನ ಯಾವಾಗಲೂ ಉಲ್ಟಾ ಹೊಡೆಯುತ್ತಾರೆ ಎಂದು ಇದರಿಂದ ತೀರ್ಮಾನಿಸಬಾರದು. ಅಮೆರಿಕದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಜನರ ಮೇಲೆ ಮಾಡಿ 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬಹುತೇಕ ವಿಷಯಗಳಲ್ಲಿ ತಿದ್ದಿ ಹೇಳಿದ್ದನ್ನು ಜನ ಒಪ್ಪಿಕೊಂಡಿದ್ದರು. ಆದರೆ 'ನಾನು ಯಾರ ಕಡೆಯವನು' ಎಂಬುದಕ್ಕೆ ಹೆಣೆದುಕೊಂಡ ನಂಬಿಕೆ, ಅದೂ ಚುನಾವಣೆಯ ಹೊತ್ತಿನಲ್ಲಿ, ಒಂದು ಗಂಟೆಯ ಪಾಠಕ್ಕೆ ಸಡಿಲವಾಗುವುದಿಲ್ಲ.

ಬದರಿನಾಥನ್ ಅಲ್ಲಿಗೇ ಬಿಡಲಿಲ್ಲ. ಅವರೂ ಸಂಗಡಿಗರೂ ಮತ್ತೆ ಬಿಹಾರಕ್ಕೆ ಹೋದರು. ಈ ಸಲ ದೊಡ್ಡವರ ಬದಲು ಮಕ್ಕಳನ್ನು ಆರಿಸಿಕೊಂಡರು. 583 ಹಳ್ಳಿಗಳ 13,500ಕ್ಕೂ ಹೆಚ್ಚು ಶಾಲಾ ವಿದ್ಯಾರ್ಥಿಗಳು ಅಧ್ಯಯನದಲ್ಲಿದ್ದರು. ತರಗತಿ ನಡೆದದ್ದು ಅಲ್ಲಿನ ಸರ್ಕಾರಿ ಗ್ರಂಥಾಲಯಗಳಲ್ಲಿ, 14 ವಾರಗಳ ಕಾಲ. ಆರೋಗ್ಯದ ಬಗ್ಗೆ ಹಬ್ಬುವ ಸುಳ್ಳುಗಳು, ಮದ್ದು, ಲಸಿಕೆ, ಮಾಹಿತಿಯ ಮೂಲವನ್ನು ಅಳೆಯುವುದು, ಇಂಥ ವಿಷಯಗಳ ಸುತ್ತ ಪಾಠ. ಮಕ್ಕಳು ಸುಳ್ಳನ್ನು ಗುರುತಿಸುವುದರಲ್ಲಿ ನಿಜವಾಗಿ ಮುಂದೆ ಬಂದರು. ನಾಲ್ಕು ತಿಂಗಳ ಮೇಲೆ ನೋಡಿದಾಗಲೂ ಅದು ಉಳಿದಿತ್ತು. ತರಗತಿಯಲ್ಲಿ ಹೇಳಿಕೊಡದೇ ಇದ್ದ ರಾಜಕೀಯ ಸುದ್ದಿಗಳಲ್ಲೂ ಅದು ಕಂಡಿತು. ಪಾಠಕ್ಕೆ ಬಾರದ ಅವರ ಅಪ್ಪ ಅಮ್ಮಂದಿರಲ್ಲೂ ಒಂದಿಷ್ಟು ಬದಲಾವಣೆ ಆಗಿತ್ತು. ಮನೆಯ ಮಗುವೇ ಆ್ಯಶ್ ಹೇಳಿದ ಆ ಒಬ್ಬ ಜೊತೆಗಾರನಾಗಿತ್ತು.

ಇದು ನಮಗೆ ದೂರದ ಮಾತಲ್ಲ. 2017ರ ಫೆಬ್ರುವರಿಯಲ್ಲಿ ದಡಾರ ಮತ್ತು ರುಬೆಲ್ಲಾ ಲಸಿಕೆ ಅಭಿಯಾನ ಮೊದಲು ಶುರುವಾದ ಐದು ಕಡೆಗಳಲ್ಲಿ ಕರ್ನಾಟಕವೂ ಒಂದು. ಆ ಲಸಿಕೆಯಿಂದ ಮಕ್ಕಳಾಗುವುದಿಲ್ಲ ಎಂಬ ಸುಳ್ಳು ಆಗಲೂ ವಾಟ್ಸ್‌ಆ್ಯಪ್‌ನಲ್ಲಿ ಓಡಾಡಿತು. 2019ರ ಡಿಸೆಂಬರ್ 26ರ ಸೂರ್ಯಗ್ರಹಣದ ದಿನ ಕಲಬುರಗಿ ಹತ್ತಿರದ ತಾಜಸುಲ್ತಾನಪುರದಲ್ಲಿ, ಅಂಗವೈಕಲ್ಯ ವಾಸಿಯಾಗಲಿ ಎಂದು ಮಕ್ಕಳನ್ನು ಕತ್ತಿನವರೆಗೆ ಮಣ್ಣಿನಲ್ಲಿ ಹೂತಿದ್ದರು. ಆ ಫೋಟೋ ನೋಡಿ ಅಪ್ಪ ಅಮ್ಮಂದಿರನ್ನು ಬೈದವರು ಬಹಳ. ಆ ಮಗುವಿಗೆ ಹತ್ತಿರದಲ್ಲಿ ಫಿಸಿಯೊಥೆರಪಿ ಎಲ್ಲಿ ಸಿಗುತ್ತದೆ ಎಂದು ಕೇಳಿದವರು ಕಡಿಮೆ. ದಾರಿ ಕಾಣದ ನೋವಿಗೆ ಯಾರೋ ಒಂದು ದಾರಿ ತೋರಿಸಿದರೆ ಮನಸ್ಸು ಅದರ ಹಿಂದೆ ಹೋಗುತ್ತದೆ. ಹೋಗಬೇಡ ಎಂದಷ್ಟೇ ಹೇಳಿದರೆ ಆ ನೋವು ಅಲ್ಲೇ ಇರುತ್ತದೆ, ಇನ್ನೊಂದು ದಾರಿ ಹುಡುಕುತ್ತಾ.

ಕರ್ನಾಟಕದಲ್ಲಿ ಐದು ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿವೆ. ಅವುಗಳಿಗೆ ಅರಿವು ಕೇಂದ್ರ ಎಂದು ಹೆಸರಿಟ್ಟಿದ್ದೇವೆ. ಶಾಲೆ ಬಿಟ್ಟ ಮೇಲೆ ಮಕ್ಕಳು ಅಲ್ಲಿಗೆ ಬರುತ್ತಾರೆ. ಕೆಲವು ಕಡೆ ಕಂಪ್ಯೂಟರ್ ಕೂಡ ಇದೆ. ಬಿಹಾರದಲ್ಲಿ ಫಲ ಕೊಟ್ಟ ತರಗತಿಗಳು ನಡೆದದ್ದು ಇಂಥದ್ದೇ ಜಾಗದಲ್ಲಿ. ಇಲ್ಲಿ ಶುರು ಮಾಡುವುದಾದರೆ ಬೇಕಿರುವುದು ಕನ್ನಡದಲ್ಲಿ ಬರೆದ 14 ವಾರಗಳ ಪಾಠ, ಸ್ಥಳೀಯ ವದಂತಿಗಳ ಉದಾಹರಣೆ, ಮತ್ತು ವಾರಕ್ಕೊಮ್ಮೆ ಒಂದೆರಡು ಗಂಟೆ ಕೊಡಬಲ್ಲ, ಆ ಮಕ್ಕಳ ಹೆಸರು ಗೊತ್ತಿರುವ ಒಬ್ಬರು. ಗ್ರಂಥಾಲಯದ ಮೇಲ್ವಿಚಾರಕರಿಗೆ ಇದಕ್ಕೆ ತರಬೇತಿ ಮತ್ತು ಹೆಚ್ಚಿನ ಗೌರವಧನ ಕೊಡಬೇಕಾಗುತ್ತದೆ. ಮೊದಲ ಹಂತಕ್ಕೆ ಬೀದರ್, ಕಲಬುರಗಿ, ರಾಯಚೂರು ಜಿಲ್ಲೆಗಳನ್ನು ಆರಿಸಿಕೊಳ್ಳಬಹುದು. ಚುನಾವಣೆ ಹತ್ತಿರ ಇಲ್ಲದ ವರ್ಷದಲ್ಲಿ ಶುರು ಮಾಡಿದರೆ ಒಳ್ಳೆಯದು.